ತಿಮೊಕ್ಲೆಸನ ಬಟ್ಟಲು

ಮೈಸೂರಿನಲ್ಲಿ ಡಾಕ್ಟರಿಕೆ ಓದಿದ ಸಾವಿತ್ರಿ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಮೂವತ್ತು ವರ್ಷ ರೋಗಿಗಳನ್ನು ನೋಡಿ ನಿವೃತ್ತರಾದವರು. ಆಮೇಲೆ ಅವರಿಗೆ ಸೈಪ್ರಸ್ ದ್ವೀಪದ ಹಳೆಯ ಶಾಸನಗಳ ಹುಚ್ಚು ಹಿಡಿಯಿತು. ಅವುಗಳ ಭಾಷೆ ಗ್ರೀಕ್, ಲಿಪಿ ಮಾತ್ರ ಬೇರೆ. ತ, ತಿ, ತೊ ಎಂದು ಒಂದೊಂದು ಉಚ್ಚಾರಕ್ಕೂ ಒಂದೊಂದು ಗುರುತು. ಮೆಲ್ಬರ್ನ್‌ನ ಆಂಡ್ರಿಯಾಸ್ ಮೇಷ್ಟ್ರು ಶನಿವಾರದ ಆನ್‌ಲೈನ್ ಕ್ಲಾಸಿನಲ್ಲಿ ಅದನ್ನು ಕಲಿಸುತ್ತಿದ್ದರು. ಅಲ್ಲಿ ಸಾವಿತ್ರಿಯೇ ಎಲ್ಲರಿಗಿಂತ ಮುಂದು.

ಮೆಲ್ಬರ್ನ್ ಅಂಚಿನ ಕ್ಲೈಡ್ ನಾರ್ತ್‌ನ ನೀಲಾಂಬಿಕಾಳನ್ನು ಕ್ಲಾಸಿಗೆ ಕರೆತಂದವರೂ ಅವರೇ. ಬೈಲಹೊಂಗಲದಿಂದ ಓದಲು ಬಂದು, ಅಲ್ಲೇ ಕಾಯಂ ನೆಲೆಸಲು ಪಿಆರ್ ಪಡೆದ ಅವಳು ಡ್ಯಾಂಡಿನಾಂಗ್‌ನ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಆರು ತಿಂಗಳಾಗುವಷ್ಟರಲ್ಲಿ ಮೇಷ್ಟ್ರು ಯಾವ ಶಾಸನ ತೋರಿಸಿದರೂ ಮೊದಲು ಅವಳ ಅಭಿಪ್ರಾಯ ಕೇಳತೊಡಗಿದರು. ಆಗೆಲ್ಲ ಸಾವಿತ್ರಿ ಕ್ಯಾಮೆರಾ ಆಫ್ ಮಾಡಿಬಿಡುತ್ತಿದ್ದರು.

ಒಮ್ಮೆ ಮೇಷ್ಟ್ರು ಒಂದು ಮಣ್ಣಿನ ಬಟ್ಟಲಿನ ಫೋಟೋ ಕಳಿಸಿ, ಅದರ ಮೇಲಿನ ಏಳು ಗುರುತುಗಳನ್ನು ಓದಿಕೊಂಡು ಮೆಲ್ಬರ್ನ್‌ನಲ್ಲಿ ಸೇರೋಣ ಎಂದರು. ಈ ಲಿಪಿಯನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಒಂದು ಊರಿನಲ್ಲಿ ಮಾತ್ರ ಎಡದಿಂದ ಬಲಕ್ಕೆ. ಬಟ್ಟಲು ಆ ಊರಿನದೇ ಎಂದು ಹಟ ಹಿಡಿದು ಸಾವಿತ್ರಿ ಮೂರು ತಿಂಗಳು ತಲೆ ಕೆಡಿಸಿಕೊಂಡರು. ಅರ್ಥವಾಗುವ ಒಂದು ಪದವೂ ಸಿಗಲಿಲ್ಲ.

ಅಷ್ಟರಲ್ಲಿ ನೀಲಾಂಬಿಕಾಳ ವಾಯ್ಸ್ ಮೆಸೇಜು ಬಂತು.

"ಆಂಟಿ, ಬಲಗಡೆಯಿಂದ ಓದಿದ್ರ ತಿ-ಮೊ-ಕೆ-ಲೆ-ವೆ-ಒ-ಸೆ ಅಂತ ಬರ್ತದ್ರಿ. ಇದರಾಗ ಒತ್ತಕ್ಷರ ಇಲ್ಲಲ್ಲ, ಅದಕ್ಕ 'ಕ್ಲೆ' ಬದಲಿ ಕೆ-ಲೆ. ನನ್ನ ಮಗಳು ಗಾನವಿನೂ ಕನ್ನಡದಾಗ 'ಕ್ಲಾಸ್' ಬರಿ ಅಂದ್ರ 'ಕಲಾಸ್' ಅಂತ ಬರೀತಾಳ್ರಿ. ಕಡೀಕಿನ ವೆ-ಒ-ಸೆ ನಮ್ಮ 'ರಾಮನ' ಅನ್ನೋದ್ರಾಗಿನ 'ನ' ಇದ್ದಂಗ, ಅದಕ್ಕ 'ಇದು ತಿಮೊಕ್ಲೆಸಂದು' ಅಂತ ಇರಬೇಕು. ಸರಿ ಐತೇನ್ರಿ?"

ಸಾವಿತ್ರಿ ಫೋಟೋ ತೆಗೆದು ಬಲದಿಂದ ಬೆರಳಿಟ್ಟು ಓದಿದರು. ಅಕ್ಷರಕ್ಕಕ್ಷರ ಸರಿಯಿತ್ತು. "ತಪ್ಪು. ಮೇಷ್ಟ್ರಿಗೆ ಕಳಿಸ್ಬೇಡ, ನಗ್ತಾರೆ" ಎಂದು ಬರೆದು ಫೋನನ್ನು ದಿಂಬಿನಡಿ ತುರುಕಿದರು.

ಮೆಲ್ಬರ್ನ್‌ನಲ್ಲಿ ಎಲ್ಲರೂ ಮೇಜಿನ ಸುತ್ತ ಕೂತಾಗ ಮೇಷ್ಟ್ರು ನೀಲಾಂಬಿಕಾಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ, ತನ್ನ ಓದು ತಪ್ಪೆಂದು ಸಾವಿತ್ರಿ ಆಂಟಿ ತಿದ್ದಿದ್ದಾರೆ, ಅವರೇ ಹೇಳಲಿ ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಸಾವಿತ್ರಿಗೆ ಚುಚ್ಚಿತು. ಅವಳ ಓದನ್ನೇ ತನ್ನದೆಂದು ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಅವಳ ಓದೇ ಸರಿ," ಎಂದರು ಇಂಗ್ಲಿಷಿನಲ್ಲಿ. "ಗೊತ್ತಿದ್ದೂ ನಾನು ತಪ್ಪು ಅಂದೆ."

ಮೇಷ್ಟ್ರು ನೀಲಾಂಬಿಕಾಳಿಂದಲೇ ಓದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾವಿತ್ರಿಯೂ ತಟ್ಟಿದರು.

ಸ್ಟೇಷನ್‌ವರೆಗೆ ಇಬ್ಬರೂ ಜೊತೆಗೇ ನಡೆದರು.

"ಯಾಕ್ರಿ ಆಂಟಿ ಹಂಗ್ ಮಾಡಿದ್ರಿ?"

"ಹೊಟ್ಟೆಕಿಚ್ಚು ಕಣೆ. ಇನ್ನೇನು ಹೇಳ್ಲಿ."

"ನಾನು ನಿಮ್ಮನ್ನ ನಂಬಿದ್ನಿರಿ," ಎಂದಳು ನೀಲಾಂಬಿಕಾ, ಅಷ್ಟೇ.

ಈಗಲೂ ಇಬ್ಬರೂ ಕ್ಲಾಸಿಗೆ ಬರುತ್ತಾರೆ. ನೀಲಾಂಬಿಕಾ ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. ಆದರೆ ತಾನು ಓದಿದ್ದನ್ನು ನೇರವಾಗಿ ಮೇಷ್ಟ್ರಿಗೇ ಕಳಿಸುತ್ತಾಳೆ. ಸಾವಿತ್ರಿಗೆ ಅದು ಗೊತ್ತಾಗುವುದು ಶನಿವಾರ, ಉಳಿದವರಿಗೆಲ್ಲ ಗೊತ್ತಾಗುವ ಹೊತ್ತಿಗೇ.