ಮುದಕವ್ವನ ಪಟಿಕ

ದಾಂಡೇಲಿಯ ಕಾಗದ ಕಾರ್ಖಾನೆ ಚಾಳಿನ ಮುದಕವ್ವನ ಲೆಕ್ಕದಲ್ಲಿ ಪಟಿಕದಿಂದ ನೀಗದ ತೊಂದರೆಯೇ ಇರಲಿಲ್ಲ. ಹೊಳೆಯ ಕೆಂಪು ನೀರು ತಿಳಿಯಾಗಲೆಂದು ಕೊಡದೊಳಗೆ ಪಟಿಕ ತಿರುವುವಳು. ಗಂಡ ಗೂಳಪ್ಪ ಗಡ್ಡ ಬೋಳಿಸುವಾಗ ಕೆನ್ನೆ ಕೊಯ್ದುಕೊಂಡರೆ ಅದನ್ನೇ ಉಜ್ಜುವಳು. ಹಲ್ಲುನೋವೆಂದವರಿಗೆ ಅದೇ ನೀರು ಮುಕ್ಕಳಿಸಲು ಕೊಡುವಳು. ಶಾಯಿ ಹರಡದಿರಲೆಂದು ಕಾಗದಕ್ಕೂ ಪಟಿಕ ಹಾಕುತ್ತಾರೆಂದು ಗೂಳಪ್ಪ ಬಾಯಿತಪ್ಪಿ ಹೇಳಿದ ಮೇಲಂತೂ, “ನೋಡ್ರಿ, ಸರಕಾರ ನಡಿಯೂದೂ ಇದರಿಂದನ!” ಎಂದು ಚಾಳಿಗೆಲ್ಲ ಸಾರಿದಳು. ಆದರೆ ಅವಳ ನಿಜವಾದ ದೊಡ್ಡಸ್ತಿಕೆ ದೃಷ್ಟಿ ತೆಗೆಯುವುದರಲ್ಲಿ. ಅಳುವ ಕೂಸಿಗೆ ನಿವಾಳಿಸಿದ ಪಟಿಕವನ್ನು ಕೆಂಡಕ್ಕೆ ಹಾಕಿದರೆ, ಅದು ಉಬ್ಬಿ ಕಣ್ಣು ಹಾಕಿದವರ ರೂಪ ತಾಳುತ್ತದೆಂದು ಎಲ್ಲರ ನಂಬಿಕೆ. ಹೆಂಗಸರು ಬಗ್ಗಿ ಬಗ್ಗಿ ನೋಡುವರು. ಆಮೇಲೆ ಬಾಗಿಲಾಚೆ ನಿಂತ, ಮಕ್ಕಳಿಲ್ಲದ ಕೆಂಚವ್ವನ ಕಡೆ ಹೊರಳಿ ನೋಡುವರು. ಯಾರಾದರೂ ಬಾಯಿ ತೆರೆಯುವ ಮೊದಲೇ ಮುದಕವ್ವ ಇಕ್ಕಳದಿಂದ ಆ ರೂಪವನ್ನು ಪುಡಿಮಾಡಿ, “ನಂದ ಕಣ್ಣವ್ವಾ, ಹಾಳಾದ್ದು! ಈ ಚಪ್ಪಟಿ ಮೂಗ ಮತ್ತ್ಯಾರದ?” ಎನ್ನುವಳು. ಪ್ರತಿಸಲವೂ ಅವಳದೇ ಕಣ್ಣು, ಅವಳದೇ ಮೂಗು. ಕೂಸಿನ ತಾಯಿ ಪೆಚ್ಚಾಗಿ ನಿಂತಿರುವಾಗಲೇ ಬಾಗಿಲ ಕಡೆ ತಿರುಗಿ ಕೂಗುವಳು: “ಕೆಂಚವ್ವಾ, ನನ್ನ ಕಣ್ಣ ಭಾಳ ಕೆಟ್ಟ ಐತಿ. ಒಳಗ ಬಾ, ಕೂಸಿನ್ನ ನೀ ಎತ್ಕೋ.”