ಹೆಸರಿಲ್ಲದ ಮರದ ಕಡ್ಡಿ

ತನ್ವಿ, ರಿಷಿ, ನಿಮ್ಮ ಈ ಅಜ್ಜಿ ಚಿಕ್ಕವಳಿದ್ದಾಗ ನಮ್ಮ ಬಾವಿಯ ಪಕ್ಕ ಹೆಸರಿಲ್ಲದ ಒಂದು ಮಾವಿನ ಮರವಿತ್ತು. ಮುಂಡಪ್ಪ ಮಾವಿನ ಸಿಹಿ, ಕಾಟು ಮಾವಿನ ಹುಳಿ, ಎರಡೂ ಅದರ ಹಣ್ಣಿನಲ್ಲಿದ್ದವು. ಎರಡು ಜಾತಿ ತಾವಾಗಿಯೇ ಕೂಡಿ ಹುಟ್ಟಿದ ಮರ ಅದು. ಅಂಥದ್ದು ಊರಿನಲ್ಲಿ ಇನ್ನೊಂದಿರಲಿಲ್ಲ.

ಮಳೆಗಾಲ ಶುರುವಾದಾಗ ಒಂದು ಬೆಳಿಗ್ಗೆ ಎದ್ದು ನೋಡಿದರೆ, ಗಾಳಿಗೆ ಅದು ಬುಡಸಮೇತ ಬಿದ್ದಿತ್ತು. ಮುರಿದ ಕೊಂಬೆಗಳ ಸೊನೆಯ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಅಪ್ಪ ಬಾವಿಕಟ್ಟೆಯ ಮೇಲೆ ಕುಳಿತು ಕತ್ತಿ ಮಸೆಯತೊಡಗಿದರು.

“ಗೊರಟು ನೆಟ್ರಾಯ್ತಲ್ಲ ಅಪ್ಪ?” ಎಂದಳು ಅಕ್ಕ.

“ಗೊರಟು ನೆಟ್ರೆ ಇದರ ಮಗಳು ಹುಟ್ಟುದು. ಇದೇ ಬೇಕಾದ್ರೆ ಕಸಿ ಕಟ್ಬೇಕು. ಕಡ್ಡಿ ಬಾಡುದರೊಳಗೆ, ಇವತ್ತೇ.”

ಗೊಬ್ಬರದ ಗುಂಡಿಯ ಬಳಿ ನಾವು ತಿಂದೆಸೆದ ಕಾಟು ಮಾವಿನ ಗೊರಟುಗಳು ಮೊಳೆತು, ತಾಮ್ರದ ಬಣ್ಣದ ಎಲೆ ಬಿಟ್ಟಿದ್ದವು. ಅಪ್ಪ ಒಂದೊಂದು ಸಸಿಯ ತುದಿ ಕತ್ತರಿಸಿ, ಸೀಳಿ, ಬಿದ್ದ ಮರದ ಕಡ್ಡಿಯನ್ನು ಬೆಣೆಯಂತೆ ಹೆರೆದು ಅದರೊಳಗೆ ಸಿಕ್ಕಿಸಿದರು. ಒದ್ದೆ ಬಾಳೆನಾರು ಸುತ್ತುವ ಕೆಲಸ ಅಕ್ಕನದು. ಅವಳು ಬಿಗಿದಾಗಲೆಲ್ಲ ಕಡ್ಡಿ ಜಾರುತ್ತಿತ್ತು.

“ಎಂತ, ದನ ಕಟ್ಟುದಾ ನೀನು? ಸಣ್ಣವಳಿಗೆ ಕೊಡು,” ಎಂದರು ಅಪ್ಪ.

“ಅವಳಾ? ನೆಂಟರು ಬಂದ್ರೆ ಬಾಗಿಲ ಹಿಂದೆ ಅಡಗುವವಳು!”

“ಗಿಡ ಎಂತ ಅವಳನ್ನ ಮಾತಾಡ್ಸುದಾ?”

ಮಾತಿಗೆ ನಾನು ಹಿಂದೆ, ನಿಜ. ಆದರೆ ನಾನು ಸುತ್ತಿದಾಗ ಕಡ್ಡಿ ಜಾರಲಿಲ್ಲ. ಸೊನೆ ತಾಗಿ ಬೆರಳು ಉರಿದರೂ ಸಂಜೆಯವರೆಗೆ ಸುತ್ತಿದೆ. ಕೆಲವು ಒಣಗಿದವು. ಒಂದರ ಕಡ್ಡಿಯನ್ನು ಅಪ್ಪ ಕೆಲವು ದಿನಗಳ ನಂತರ ಉಗುರಿನಿಂದ ಮೆಲ್ಲಗೆ ಗೀರಿ, “ಹಸಿರುಂಟು, ಜೀವ ಉಂಟು” ಎಂದರು. ಅದನ್ನೇ ಬಾವಿಯ ಪಕ್ಕ ನೆಟ್ಟೆವು. ಮುಂದೆ ಹಣ್ಣು ಬಿಟ್ಟಾಗ ಅದೇ ಸಿಹಿ, ಅದೇ ಹುಳಿ.

ನೀವು ನರ್ಸರಿಯಿಂದ ತಂದ, ಎಲ್ಮ್ ಎಂಬ ಹೊರದೇಶದ ಮರದ ಗಿಡವೂ ಎರಡು ಜಾತಿ ಕೂಡಿದ್ದೇ. ಅದರ ಬುಡದಲ್ಲೂ ಕಸಿಯ ಗಂಟಿದೆ. ಮೊನ್ನೆ ಎಲೆಯೆಲ್ಲ ಉದುರಿದಾಗ, “ಖಲಾಸ್ ಅಜ್ಜಿ, ಇಟ್ಸ್ ಡೆಡ್” ಎಂದು ರಿಷಿ, ನೀನು ಅದನ್ನು ಕಸದ ಚೀಲಕ್ಕೆ ಹಾಕಲು ಹೊರಟಿದ್ದೆ. ನಾನು ತಡೆದು, ಉಗುರಿನಿಂದ ಗೀರಿ ತೋರಿಸಿದೆ. ಒಳಗೆ ಹಸಿರಿತ್ತು.

ನಮ್ಮ ಗಿಡಕ್ಕೆ ಮಳೆಯೇ ನೀರೆರೆಯುತ್ತಿತ್ತು. ಮಳೆಯೇ ಅಪರೂಪವಾದ ಈ ಮರಳುನಾಡಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಈ ಬಾಲ್ಕನಿಯಲ್ಲಿ, ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ತನ್ವಿ, ನೀನು ಎರೆಯುತ್ತೀ. ಗಿಡಕ್ಕೆ ಎರಡೂ ನೀರೇ. ಅದು ಚಿಗುರುತ್ತದೆ, ನೋಡುತ್ತಿರಿ. ದೊಡ್ಡದಾದ ಮೇಲೆ ಕೇಳಿದವರಿಗೆಲ್ಲ ಕಡ್ಡಿ ಕೊಡಿ. ನಿಮಗೆಂದೇ ನಾನು ಇದನ್ನೆಲ್ಲ ಬರೆದ ಈ ಹಾಳೆಗಳನ್ನು ಮಾತ್ರ ಯಾರಿಗೂ ಕೊಡದೆ ಜೋಪಾನವಾಗಿ ಎತ್ತಿಡಿ.