ಪಂಪ್‌ಹೌಸಿನ ವಡೆ

ಕೋಡಿಹಳ್ಳಿ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಮೇಯುವಷ್ಟು ದಿನವೂ ಒಲೆಗೆ ಒಗ್ಗರಣೆಯ ವಾಸನೆ ಗೊತ್ತಿಲ್ಲ. ಎಣ್ಣೆಯ ಘಾಟು ತಾಕಿದರೆ ಹುಳ ಸೊಪ್ಪು ಬಿಡುತ್ತದೆ ಅನ್ನುವುದು ನನ್ನ ಅತ್ತೆಯ ಕಾನೂನು. ಹಿಂದಿನ ಬೆಳೆ ಕೆಟ್ಟಾಗ, ಪಕ್ಕದ ಟೊಮೆಟೊಗೆ ಹೊಡೆದ ಔಷಧಿ ನಮ್ಮ ಹಿಪ್ಪುನೇರಳೆಗೂ ಹಾರಿದೆ ಎಂದು ನನ್ನ ಗಂಡ ಬಾಯಿ ಬಡಿದುಕೊಂಡರೂ ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಎದುರುಮನೆಯೋಳು ಮೀನು ಹುರಿದ್ಲು ಕಣ್ಲಾ, ಅದ್ಕೇಯ" ಎಂದು ತೀರ್ಪು ಕೊಟ್ಟರು.

ಅಂಥ ಮನೆಯಲ್ಲಿ, ಹುಳ ದಪ್ಪವಾಗಿ ಹೊರೆಗಟ್ಟಲೆ ಸೊಪ್ಪು ತಿನ್ನುವ ಕೊನೆಯ ವಾರದಲ್ಲೇ, ಬಸುರಿಯಾಗಿದ್ದ ನನಗೆ ಮಸಾಲೆ ವಡೆಯ ಬಯಕೆ ಹತ್ತಬೇಕೆ! ಸಪ್ಪೆ ಸಾರು ಕಂಡರೆ ಅಳುವೇ ಬರುತ್ತಿತ್ತು. ನಾಚಿಕೆ ಬಿಟ್ಟು ಹೇಳಿಯೇಬಿಟ್ಟೆ.

ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು. ವಡೆ ಕರಿದರೆ ಬೆಳೆ ಹೋಯಿತು, ಕರಿಯದಿದ್ದರೆ ಬಯಕೆ ತೀರದೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ಎರಡನ್ನೂ ಅವರು ಪೂರ್ತಿ ನಂಬಿದ್ದರು, ಪಾಪ.

"ಕನಕಪುರದಿಂದ ಪಾರ್ಸಲ್ ತಂದ್ಬುಡ್ತೀನಿ ಕಣವ್ವಾ" ಎಂದರು ನನ್ನ ಗಂಡ.

"ಬಸುರಿಗೆ ಹೋಟ್ಲೆಣ್ಣೇನಾ? ಸುಮ್ಕಿರ್ಲಾ!"

ಮಾರನೆಯ ಬೆಳಿಗ್ಗೆ ಅತ್ತೆಗೆ ದಾರಿ ಹೊಳೆದಿತ್ತು. ಬಾಣಲೆ, ಎಣ್ಣೆ, ರುಬ್ಬಿದ ಕಡಲೆಬೇಳೆ ಹೊತ್ತು ತೋಟದ ಆ ಕೊನೆಯ ಪಂಪ್‌ಹೌಸಿಗೆ ನನ್ನನ್ನು ಕರೆದುಕೊಂಡು ಹೋದರು. ಒಂದು ಹಿಡಿ ಮಣ್ಣು ತೂರಿ ನೋಡಿದರು. ಗಾಳಿ ಮನೆಗೆ ಬೆನ್ನು ಹಾಕಿತ್ತು. ಮೂರು ಕಲ್ಲಿಟ್ಟು ಒಲೆ ಹೂಡಿದರು. ಆಹಾ, ಸಬ್ಬಸಿಗೆ ಸೊಪ್ಪು ಹಾಕಿದ ಆ ಬಿಸಿ ವಡೆ! ಬಾಯಿ ಸುಟ್ಟರೂ ಬಿಡದೆ ತಿಂದೆ. "ಒಸಿ ಆರಿಸ್ಕೊಂಡು ತಿನ್ನು ಕಣವ್ವ" ಎನ್ನುತ್ತಾ ಅತ್ತೆಯೂ ಎರಡು ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು. ಹುಳದ ಮನೆಯಿಂದ ನನ್ನ ಗಂಡ. "ಗಾಳಿ ತಿರುಗ್ಬುಡ್ತು ಕಣೇ! ಘಮ್ಮಂತ ಐತೆ ಇಲ್ಲಿ. ನಂಗೂ ನಾಕು ಮಡಗು."

ಅತ್ತೆಯ ಮುಖ ಬಿಳುಚಿಕೊಂಡಿತು. ಮೈಗಂಟಿದ ಎಣ್ಣೆಯ ಘಾಟು ಹೋಗಲೆಂದು ಪಂಪಿನ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹುಳದ ಮನೆಗೆ ಓಡಿದರು. ನಾನೂ ಕೈ ತೊಳೆದು ಹಿಂದೆಯೇ ಹೆಜ್ಜೆ ಹಾಕಿದೆ. ಬೆಳೆ ಕೆಟ್ಟರೆ ದೂರು ಯಾರ ಮೇಲೆ ಬರುತ್ತದೆಂದು ಗೊತ್ತಿತ್ತಲ್ಲ. ಹುಳಗಳು ಮಾತ್ರ ನಮ್ಮತ್ತ ತಿರುಗಿಯೂ ನೋಡದೆ ಸೊಪ್ಪು ಮೇಯುತ್ತಿದ್ದವು. ಆ ಸಲದ ಗೂಡು ಕಲ್ಲಿನಷ್ಟು ಗಟ್ಟಿ. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಸಾಬರು ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನ್ ತಿನ್ನಿಸಿದ್ರಮ್ಮಾ ಹುಳಕ್ಕೆ?" ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು.

ಸದ್ಯ, ಇನ್ನು ಸಪ್ಪೆ ಸಾರಿನ ಕಾಟ ತಪ್ಪಿತು ಎಂದು ನಾನು ಒಳಗೊಳಗೇ ಕುಣಿದೆ. ಎಲ್ಲಿ ತಪ್ಪಿತು! ಮಗಳು ಹುಟ್ಟಿದಳು, ಮತ್ತೆ ಹುಳ ತಂದೆವು, ಮನೆಯಲ್ಲಿ ಮತ್ತೆ ಒಗ್ಗರಣೆ ಬಂದ್. ಕೊನೆಯ ವಾರ ಬಂತು ನೋಡಿ, ಅತ್ತೆ ಬಾಣಲೆ ಹಿಡಿದು ಪಂಪ್‌ಹೌಸಿಗೆ ಹೊರಟರು. ಈ ಸಲ ಗಾಳಿ ಮನೆಯ ಕಡೆಗೇ ಬೀಸುವ ಹೊತ್ತು ಕಾದು.

"ಅತ್ತೆ, ನಂಗೀಗ ಯಾವ ಬಯಕೇನೂ ಇಲ್ಲ" ಎಂದೆ.

"ನಿಂಗಿಲ್ದಿದ್ರೆ ಏನವ್ವ," ಎಂದರು ಅತ್ತೆ, "ಹುಳಕ್ಕೈತೆ."